ಗೊತ್ತಿಲ್ಲ ಅನ್ನುತ್ತಿದ್ದ ಡಾಕ್ಟ್ರಮ್ಮ

ಹೋದ ತಿಂಗಳು ಹಲಸೂರಿನ ನಮ್ಮ ಡಾಕ್ಟ್ರಮ್ಮ ತೀರಿಕೊಂಡರು. ಬೆಳಿಗ್ಗೆ ಹಾಲು ತಂದು ಒಲೆ ಮೇಲಿಟ್ಟು ಕುರ್ಚಿಯಲ್ಲಿ ಕೂತವರು ಮತ್ತೆ ಏಳಲಿಲ್ಲವಂತೆ. ಸುದ್ದಿ ಕೇಳಿದ ಕೂಡಲೇ ನನಗೆ ಬಂದದ್ದು ದುಃಖ ಅಲ್ಲ, ಸಿಟ್ಟು. ನಮ್ಮಿಬ್ಬರ ಜಗಳ ಇನ್ನೂ ಮುಗಿದಿರಲಿಲ್ಲ. ಹೀಗೆ ಮಧ್ಯದಲ್ಲೇ ಎದ್ದು ಹೋಗೋದಾ ಅಂತ ಅಡುಗೆಮನೆಯಲ್ಲಿ ನಿಂತು ಒಬ್ಬಳೇ ಬೈದೆ. ಆಮೇಲೆ ಅತ್ತೆ. ನನ್ನ ಸ್ವಭಾವವೇ ಹಾಗೆ, ಮೊದಲು ಬೈಗುಳ, ಅದರ ಬೆನ್ನಿಗೆ ಕಣ್ಣೀರು.

ಜಗಳ ಏನಂತ ಮೊದಲೇ ಹೇಳಿಬಿಡುತ್ತೇನೆ. ನನ್ನ ತಮ್ಮನಿಗೆ ಕೊಡುತ್ತಿದ್ದ ಮಾತ್ರೆಯನ್ನು ನಿಲ್ಲಿಸಿದವರು ಅವರು. ನನ್ನ ತಮ್ಮ ಈಗಿಲ್ಲ. ಈ ಎರಡು ವಾಕ್ಯಗಳ ನಡುವೆ ‘ಅದಕ್ಕೇ’ ಅನ್ನೋ ಮಾತು ಹಾಕಬೇಕೋ ಬೇಡವೋ ಅನ್ನೋದೇ ನಮ್ಮ ಜಗಳ.

ನಾವು ಗದಗಿನ ಕಡೆಯವರು. ಇನ್ಶೂರೆನ್ಸ್ ಆಫೀಸಿನ ಕೆಲಸ ಸಿಕ್ಕಿ ನಾನು ಬೆಂಗಳೂರಿಗೆ ಬಂದು ಎಷ್ಟೋ ವರ್ಷ ಆಯಿತು. ಗಂಡನ ಕಥೆ ಬೇರೆ, ಅದು ಇಲ್ಲಿ ಬೇಡ. ಜೋಗುಪಾಳ್ಯದಲ್ಲಿ ಮಹಡಿ ಮೇಲೆ ಬಾಡಿಗೆ ಮನೆ. ತಮ್ಮ ನನ್ನ ಹಿಂದೆಯೇ ಬಂದು ಲಿಫ್ಟ್ ರಿಪೇರಿ ಮಾಡೋ ಕಂಪನಿ ಸೇರಿದ. ಇಂದಿರಾನಗರದ ನೂರಡಿ ರಸ್ತೆಯ ಯಾವ ಹೋಟೆಲಿನ ಲಿಫ್ಟು ಯಾವಾಗ ಕೈಕೊಡುತ್ತೆ ಅನ್ನೋದು ಅವನಿಗೆ ಬಾಯಿಪಾಠ. ಅಪ್ಪ ಹೋದ ಮೇಲೆ ಅವ್ವನನ್ನೂ ಕರೆಸಿಕೊಂಡೆವು. ಮೂವರೂ ಬಾಯಿ ಜೋರಿನವರೇ, ಕೆಳಗಿನ ಮನೆಯವರು ಟೀವಿ ಹಾಕಿದ್ದೀರಾ ಅಂತ ಕೇಳುತ್ತಿದ್ದರು.

ತಮ್ಮನ ತೊಡೆಯಲ್ಲಿ ಒಂದು ಗಂಟು ಎದ್ದಿತು. ಕೆಲಸದಲ್ಲಿ ಪೆಟ್ಟು ಬಿದ್ದಿರಬೇಕು ಅಂದುಕೊಂಡೆವು. ಅದು ಮಾಂಸಖಂಡದಲ್ಲಿ ಹುಟ್ಟೋ ಒಂದು ಅಪರೂಪದ ಕ್ಯಾನ್ಸರ್, ಹೆಸರು ಹೇಳೋಕೆ ನಾಲಿಗೆ ಹೊರಳೋದಿಲ್ಲ. ಆಪರೇಷನ್ ಆಯಿತು, ಕೀಮೋ ಆಯಿತು, ಅದು ಹೋಗಿ ಶ್ವಾಸಕೋಶದಲ್ಲಿ ಕೂತಿತು. ನಮ್ಮ ಹತ್ತಿರ ಇರೋದೆಲ್ಲ ಮುಗೀತು ಅಂದ ಡಾಕ್ಟರೇ, ಕಂಟೋನ್ಮೆಂಟಿನ ಒಂದು ಆಸ್ಪತ್ರೆಯಲ್ಲಿ ಇಂಥ ಅಪರೂಪದ ಕ್ಯಾನ್ಸರಿಗೆ ಎರಡು ಮಾತ್ರೆ ಜೋಡಿಸಿ ಕೊಟ್ಟು ನೋಡ್ತಿದ್ದಾರೆ, ಒಂದು ಸಲ ಹೋಗಿ ಕೇಳಿ ಅಂದರು. ಹೀಗೆ ನಾವು ಡಾಕ್ಟ್ರಮ್ಮನ ಬಾಗಿಲಿಗೆ ಹೋದದ್ದು.

ನೋಡಿದರೆ ಡಾಕ್ಟರ್ ಅಂತಲೇ ಅನಿಸಲಿಲ್ಲ. ಕುಳ್ಳಗೆ, ಗುಂಡಗೆ, ಅರವತ್ತರ ಹತ್ತಿರದ ಹೆಂಗಸು. ಕಾಟನ್ ಸೀರೆ, ಅದರ ಮೇಲೆ ಕೋಟು, ತಲೆಯಲ್ಲಿ ಕನಕಾಂಬರ. ಕೂತ ಕೂಡಲೇ ಮೇಜಿನ ಕೆಳಗೆ ಚಪ್ಪಲಿ ಬಿಟ್ಟು ಕಾಲು ಮಡಚಿ ಕುರ್ಚಿ ಮೇಲೆ ಎಳೆದುಕೊಳ್ಳುತ್ತಿದ್ದರು. ಮನೆಮಾತು ತಮಿಳು. ಹಲಸೂರಿನಲ್ಲೇ ಹುಟ್ಟಿ, ಅಲ್ಲೇ ಬೆಳೆದು, ಮದುವೆಯಾಗದೆ ಅದೇ ಮನೆಯಲ್ಲೇ ಉಳಿದವರು. ಕನ್ನಡ ಕಲಿತದ್ದು ರೋಗಿಗಳಿಂದಂತೆ, ಹಾಗಾಗಿ ಅದರಲ್ಲಿ ಎಲ್ಲ ಜಿಲ್ಲೆಯೂ ಸ್ವಲ್ಪ ಸ್ವಲ್ಪ ಸೇರಿಕೊಂಡಿತ್ತು. ಹೆಂಗಸು ಗಂಡಸು ಯಾರಾದರೂ ಸರಿ, ‘ಮಾ’ ಅಂತಲೇ ಕರೆಯೋದು. ನನ್ನ ತಮ್ಮನನ್ನು ‘ಏನ್ಮಾ’ ಅಂದಾಗ ಅವನು ಹಿಂದೆ ತಿರುಗಿ ಯಾರಾದರೂ ಹೆಂಗಸು ನಿಂತಿದ್ದಾಳಾ ಅಂತ ನೋಡಿದ.

ಎರಡು ಮಾತ್ರೆ ಇವೆ, ಒಂದೊಂದನ್ನೇ ಕೊಟ್ಟು ನೋಡಿದ್ದಾರೆ, ಈ ಕಾಯಿಲೆ ಜಗ್ಗಿಲ್ಲ ಅಂತ ವಿವರಿಸಿದರು. ಎರಡೂ ಸೇರಿದರೆ ಏನಾದರೂ ಆಗಬಹುದೇನೋ ಅನ್ನೋದು ಒಂದು ಊಹೆ. ಆದರೆ ಜೋಡಿಯಾಗಿ ಎಷ್ಟು ಕೊಟ್ಟರೆ ಮನುಷ್ಯರ ಮೈ ತಡೆಯುತ್ತೆ ಅನ್ನೋದೇ ತಿಳಿದಿಲ್ಲ, ಮೊದಲು ನೋಡಬೇಕಾದದ್ದು ಅದನ್ನೇ. ಕೆಲವರಿಗೆ ಕಡಿಮೆ ಕೊಡೋದು, ಅವರು ತಡೆದುಕೊಂಡರೆ ಮುಂದಿನವರಿಗೆ ಸ್ವಲ್ಪ ಜಾಸ್ತಿ. ನನ್ನ ಮುಖ ನೋಡಿ ತಲೆಗೆ ಹತ್ತಲಿಲ್ಲ ಅಂತ ತಿಳಿದಿರಬೇಕು. ಅತ್ತೆ ಒಳ್ಳೆಯವಳು, ಸೊಸೆನೂ ಒಳ್ಳೆಯವಳು, ಇಬ್ಬರನ್ನೂ ಒಂದೇ ಅಡುಗೆಮನೆಗೆ ಬಿಟ್ಟರೆ ಏನಾಗುತ್ತೋ ಯಾರಿಗೆ ಗೊತ್ತುಮಾ, ಬಿಟ್ಟೇ ನೋಡ್ಬೇಕು ಅಂದರು.

ವಾಸಿ ಆಗುತ್ತಾ ಅಂತ ಕೇಳಿದೆ. ಗೊತ್ತಿಲ್ಲ ಅಂದರು. ಹೋಗಲಿ, ಇನ್ನೊಂದಷ್ಟು ದಿನ ಜಾಸ್ತಿ ಇರ್ತಾನಾ ಅಂದೆ. ಅದೂ ಗೊತ್ತಿಲ್ಲ. ನನಗೆ ರೇಗಿಹೋಯಿತು, ಮತ್ತೇನು ಗೊತ್ತು ನಿಮಗೆ ಅಂದೆ. ವಾಂತಿ ಆಗುತ್ತೆ, ಅದು ಗೊತ್ತು ಅಂದರು. ತಮ್ಮ ಪಕ್ಕನೆ ನಕ್ಕುಬಿಟ್ಟ. ಅವನಿಗೆ ಆ ಹೆಂಗಸು ಹಿಡಿಸಿದ್ದು ಆ ಗಳಿಗೆಯಲ್ಲೇ. ನನಗೆ ಹಿಡಿಸಲಿಲ್ಲ.

ಅವರ ವಾರ್ಡಿನಲ್ಲಿ ‘ಹೊಸ ಔಷಧಿ’ ಅಂತ ಯಾರೂ ಅನ್ನಬಾರದು. ಊರಿಂದ ಬಂದ ನೆಂಟರು ಫಾರಿನ್ ಔಷಧಿ ಕೊಡ್ತಿದಾರಂತೆ ಅಂತ ಜಂಬ ಕೊಚ್ಚಿಕೊಂಡರೆ ಬಂದು ತಡೆಯುತ್ತಿದ್ದರು. ಕೆಲಸ ಮಾಡಿ ತೋರಿಸಿದ ಮೇಲೆ ಔಷಧಿ, ಅಲ್ಲಿವರೆಗೂ ಬರೀ ಮಾತ್ರೆ ಅನ್ನೋದು ಅವರ ಕಾನೂನು. ನರ್ಸುಗಳೂ ಹಾಗೇ ಅನ್ನಬೇಕಿತ್ತು. ತಮ್ಮ ಮಾತ್ರ ತನ್ನ ಭಾಷೆಯಲ್ಲಿ ಅದನ್ನು ಅರ್ಥ ಮಾಡಿಕೊಂಡಿದ್ದ. ಲಿಫ್ಟ್ ಒಳಗೆ ಎಷ್ಟು ಜನ ಹತ್ತಬಹುದು ಅಂತ ಬೋರ್ಡ್ ಹಾಕಿರ್ತಾರಲ್ಲಕ್ಕಾ, ಆ ಬೋರ್ಡ್ ಬರೆಯೋದಕ್ಕಿಂತ ಮುಂಚೆ ಹತ್ತೋರು ನಾವು ಅಂದಿದ್ದ. ಅವ್ವ ಹಾಗೆಲ್ಲ ಅನ್ನಬ್ಯಾಡ ಅಂತ ಅವನ ಬಾಯಿ ಮುಚ್ಚಿದಳು.

ಡಾಕ್ಟ್ರಮ್ಮನಿಗೆ ಒಂದು ಅಭ್ಯಾಸ ಇತ್ತು, ಅವರಿಗೇ ಅದು ಗೊತ್ತಿತ್ತೋ ಇಲ್ಲವೋ. ಕೆಟ್ಟ ಸುದ್ದಿ ಹೇಳುವ ಮುಂಚೆ ಮೇಜಿನ ಕೆಳಗೆ ಕಾಲಿಳಿಸಿ ಚಪ್ಪಲಿ ಹುಡುಕುತ್ತಿದ್ದರು. ಎರಡೂ ಕಾಲಿಗೆ ಸರಿಯಾಗಿ ಹಾಕಿಕೊಂಡು, ನೆಟ್ಟಗೆ ಕೂತು, ಆಮೇಲೆ ಮಾತು. ವಾರ್ಡಿನವರಿಗೆಲ್ಲ ಇದು ತಿಳಿದುಹೋಗಿತ್ತು. ಹೊರಗೆ ಬಂದವರನ್ನು ಏನಂದರು ಅಂತ ಯಾರೂ ಕೇಳುತ್ತಿರಲಿಲ್ಲ, ಚಪ್ಪಲಿ ಹಾಕಿಕೊಂಡ್ರಾ ಅಂತ ಕೇಳುತ್ತಿದ್ದರು.

ಬೈಯೋದರಲ್ಲಿ ನನಗಿಂತ ಒಂದು ಕೈ ಮೇಲೆ. ಆಟೋದವರ ಜೊತೆ ದಖ್ಖನಿಯಲ್ಲಿ ಜಗಳ, ತರಕಾರಿಯವರ ಜೊತೆ ತಮಿಳಿನಲ್ಲಿ, ಜೂನಿಯರ್ ಡಾಕ್ಟರುಗಳ ಜೊತೆ ಇಂಗ್ಲಿಷಿನಲ್ಲಿ. ರಂಜಾನ್ ತಿಂಗಳಲ್ಲಿ ಮಾಸ್ಕ್ ರೋಡಿನಿಂದ ಸಮೋಸ ತರಿಸಿ ವಾರ್ಡಿಗೆಲ್ಲ ಹಂಚುತ್ತಿದ್ದರು, ಆಮೇಲೆ ಎಣ್ಣೆ ತಿಂದಿರಿ ಅಂತ ಅವರೇ ಬೈಯುತ್ತಿದ್ದರು. ಬನ್ನನ್ನು ಚಹಾದಲ್ಲಿ ಅದ್ದಿ ತಿನ್ನುವಾಗ ಅರ್ಧ ಕಪ್ಪಿನಲ್ಲೇ ಬೀಳುತ್ತಿತ್ತು. ಅದನ್ನು ಚಮಚದಲ್ಲಿ ಎತ್ತಿ ಎತ್ತಿ ತಿನ್ನುತ್ತಾ ರಿಪೋರ್ಟು ಓದುತ್ತಿದ್ದರು.

ಇನ್ನು ಮಾದಲಿಯ ವಿಷಯ.

ಮಾತ್ರೆ ಶುರುವಾದ ಹೊಸತು. ನನಗೆ ಆಫೀಸಿನಲ್ಲಿ ರಜೆ ಸಿಗದೆ ಅವತ್ತು ತಮ್ಮನ ಜೊತೆ ಅವ್ವ ಹೋಗಿದ್ದಳು. ಅವನನ್ನು ರಕ್ತ ಪರೀಕ್ಷೆಗೆ ಕರೆದುಕೊಂಡು ಹೋದಾಗ ಡಾಕ್ಟ್ರಮ್ಮನೂ ಅವ್ವನೂ ಇಬ್ಬರೇ ಉಳಿದರಂತೆ. ಅವ್ವ ಕೇಳಿದಳು, ನನ್ನ ಮಗಾ ಆರಾಮ ಆಗ್ತಾನೇನ್ರಿ ಬಾಯಾರ ಅಂತ. ಡಾಕ್ಟ್ರಮ್ಮ ಅವಳ ಕೈ ತಟ್ಟಿ, ಆಗ್ತಾನಮ್ಮ, ಅವನನ್ನ ಆರಾಮಾಗಿ ಇಡೋದು ನಮ್ಮ ಜವಾಬ್ದಾರಿ ಅಂದರು.

ಬೆಂಗಳೂರಿನಲ್ಲಿ ಆರಾಮ ಅಂದರೆ ಏನು? ಕಾಲು ಚಾಚಿ ಕೂರೋದು, ನೋವಿಲ್ಲದೆ ಇರೋದು, ಅವಸರ ಮಾಡದೆ ಇರೋದು. ನಮ್ಮ ಕಡೆ ಹಾಗಲ್ಲ. ನಮ್ಮಲ್ಲಿ ಒಬ್ಬರಿಗೆ ಆರಾಮ ಇಲ್ಲ ಅಂದರೆ ಕಾಯಿಲೆ ಬಿದ್ದಿದ್ದಾರೆ ಅಂತ. ಆರಾಮ ಆದರು ಅಂದರೆ ಕಾಯಿಲೆ ಬಿಟ್ಟು ಎದ್ದರು ಅಂತ. ಅವ್ವ ಕೇಳಿದ್ದು ಒಂದು, ಡಾಕ್ಟ್ರಮ್ಮ ಹೇಳಿದ್ದು ಇನ್ನೊಂದು, ಇಬ್ಬರ ಬಾಯಲ್ಲೂ ಪದ ಒಂದೇ.

ನನಗೆ ಇದ್ಯಾವುದೂ ಗೊತ್ತಿಲ್ಲ. ಸಂಜೆ ಮನೆಗೆ ಬಂದರೆ ಅವ್ವ ಊರಿಗೆಲ್ಲ ಫೋನು ಹಚ್ಚಿ ಕೂತಿದ್ದಾಳೆ. ಸ್ವತಃ ಡಾಕ್ಟರ್ ಬಾಯಾರ ಹೇಳ್ಯಾರ ಅನ್ನುತ್ತಿದ್ದಾಳೆ. ತಮ್ಮ ಆ ಕಡೆ ತಿರುಗಿ ಮಲಗಿದ್ದ, ಏನಪ್ಪಾ ಇದು ಅಂದರೆ ಹೇಳ್ಕೊಳ್ಳಲಿ ಬಿಡಕ್ಕಾ ಅಂದ. ಮಾರನೇ ದಿನ ಬೆಳಿಗ್ಗೆಯೇ ಎದ್ದು ಅವ್ವ ಗೋಧಿ ಹುರಿದು ಮಾದಲಿ ಮಾಡಿದಳು, ನಮ್ಮ ಕಡೆ ಹಬ್ಬಕ್ಕೆ ಮದುವೆಗೆ ಮಾಡೋ ಪುಡಿ ಸಿಹಿ. ಬೆಲ್ಲ, ಏಲಕ್ಕಿ, ಗಸಗಸೆ, ಪುಟಾಣಿ, ಯಾವುದಕ್ಕೂ ಕೈ ಹಿಡಿಯಲಿಲ್ಲ. ಸ್ಟೀಲ್ ಡಬ್ಬಿ ತುಂಬಿಕೊಂಡು ನನ್ನನ್ನೂ ಎಳೆದುಕೊಂಡು ಆಸ್ಪತ್ರೆಗೆ ಬಂದಳು.

ಡಾಕ್ಟ್ರಮ್ಮ ಸಿಹಿ ಅಂದರೆ ಬಿಡೋರಲ್ಲ. ಕಾಗದದ ತಟ್ಟೆಗೂ ಕಾಯದೆ ಒಂದು ಹಿಡಿ ತೆಗೆದು ಬಾಯಿಗೆ ಹಾಕಿಕೊಂಡು, ಏನು ವಿಶೇಷಮಾ ಅಂತ ಕೇಳಿದರು. ಮಗಾ ಆರಾಮ ಆಗ್ತಾನಂತ ನೀವಽ ಹೇಳಿದ್ರಲ್ರಿ ಅಂದಳು ಅವ್ವ. ಡಾಕ್ಟ್ರಮ್ಮನಿಗೆ ಏನೋ ಎಡವಟ್ಟಾಗಿದೆ ಅಂತ ಅನಿಸಿತು. ನನ್ನ ಕಡೆ ನೋಡಿದರು. ನಿಮ್ಮ ಕಡೆ ಆರಾಮ ಅಂದ್ರೆ ಏನು ಅಂತ ಬಾಯಲ್ಲಿ ಮಾದಲಿ ಇಟ್ಟುಕೊಂಡೇ ಕೇಳಿದರು. ನಾನು ಹೇಳಿದೆ.

ಅವರ ದವಡೆ ನಿಂತುಹೋಯಿತು. ನುಂಗೋಕೂ ಆಗದೆ ಉಗುಳೋಕೂ ಆಗದೆ ಹಾಗೇ ಇದ್ದರು. ಮೇಜಿನ ಕೆಳಗೆ ಚಪ್ಪಲಿ ಹುಡುಕುವ ಸದ್ದು ನನಗೆ ಕೇಳಿಸಿತು. ಆಮೇಲೆ ಎದ್ದು ಬಂದು ಅವ್ವನ ಮುಂದೆ ಸ್ಟೂಲ್ ಎಳೆದು ಕೂತು, ತಪ್ಪು ನಂದು ತಾಯಿ, ನಾನು ಬೇರೆ ಅರ್ಥದಲ್ಲಿ ಹೇಳಿದೆ, ನೋವು ಕಡಿಮೆ ಮಾಡ್ತೀವಿ ಅಂದೆ, ಕಾಯಿಲೆ ಹೋಗುತ್ತಾ ಅನ್ನೋದು ನನಗೆ ಗೊತ್ತಿಲ್ಲ ಅಂತ ಬಿಡಿಸಿ ಬಿಡಿಸಿ ಹೇಳಿದರು. ಕೈ ಮುಗಿದರು. ಯಾವ ಡಾಕ್ಟರೂ ಹಾಗೆ ಕೈ ಮುಗಿದದ್ದನ್ನು ನಾನು ನೋಡಿರಲಿಲ್ಲ. ಅವ್ವ ಅವರ ಉಬ್ಬಿದ ಕೆನ್ನೆಯನ್ನೇ ನೋಡಿದಳು.

“ಬಾಯಾಗ ಇಟ್ಕೊಂಡದ್ದನ್ನ ಉಗುಳಬಾರದ್ರಿ,” ಅಂದಳು ಕೊನೆಗೆ. “ನುಂಗ್ರಿ.”

ಡಾಕ್ಟ್ರಮ್ಮ ನುಂಗಿದರು. ಅವ್ವ ಡಬ್ಬಿಯನ್ನು ವಾಪಸು ತರಲಿಲ್ಲ, ವಾರ್ಡಿಗೆಲ್ಲ ಹಂಚಿ ಬಂದಳು. ಮಾಡಿದ ಸಿಹಿಯನ್ನು ಮನೆಗೆ ಹೊತ್ತುಕೊಂಡು ಹೋಗಬಾರದಂತೆ.

ಅವತ್ತಿನಿಂದ ಡಾಕ್ಟ್ರಮ್ಮ ಯಾರೇ ಹೊಸಬರು ಬಂದರೂ ಮೊದಲು ಒಂದು ಪ್ರಶ್ನೆ ಕೇಳುತ್ತಿದ್ದರು. ನಿಮ್ಮೂರಲ್ಲಿ ಕಾಯಿಲೆ ಪೂರ್ತಿ ಹೋಯ್ತು ಅನ್ನೋಕೆ ಏನಂತೀರಾ? ಮೈಸೂರಿನವರು ವಾಸಿ ಅನ್ನೋರು, ಮಂಗಳೂರಿನವರು ಗುಣ ಅನ್ನೋರು, ತುಮಕೂರಿನವರು ಹುಷಾರು ಅನ್ನೋರು. ಅವರವರ ಪದವನ್ನೇ ಹಿಡಿದುಕೊಂಡು, ಅದು ಆಗುತ್ತಾ ಅಂತ ನನಗೆ ಗೊತ್ತಿಲ್ಲ ಅಂತ ಅದೇ ಪದದಲ್ಲಿ ಹೇಳುತ್ತಿದ್ದರು. ಜೂನಿಯರ್ ಡಾಕ್ಟರುಗಳು ಇದೇನು ಕನ್ನಡ ಕ್ಲಾಸಾ ಅಂತ ಹಿಂದಿನಿಂದ ನಗುತ್ತಿದ್ದರು.

ಮುಂದಿನ ಸ್ಕ್ಯಾನಿನಲ್ಲಿ ಗಡ್ಡೆ ಕುಗ್ಗಿತ್ತು.

ನಿಜವಾಗಿಯೂ ಕುಗ್ಗಿತ್ತು. ಡಾಕ್ಟ್ರಮ್ಮ ಪರದೆ ಮೇಲೆ ಹಳೆಯದನ್ನೂ ಹೊಸದನ್ನೂ ಅಕ್ಕಪಕ್ಕ ಇಟ್ಟು ತೋರಿಸಿದರು. ಕಾಲು ಕುರ್ಚಿ ಮೇಲೆಯೇ ಇತ್ತು. ನಾನು ಅವರನ್ನು ತಬ್ಬಿಕೊಳ್ಳಲು ಎದ್ದೆ. ಅವರು ಕೈ ಅಡ್ಡ ಹಿಡಿದು, ಕುಗ್ಗಿದೆ ಅಂದೆ, ಹೋಗಿದೆ ಅನ್ನಲಿಲ್ಲ ಅಂದರು. ಎಂಥ ಕಲ್ಲುಮನಸ್ಸು ಅನಿಸಿತು. ಆದರೆ ತಮ್ಮ ಅವತ್ತು ಮೆಟ್ಟಿಲಿನ ಕಂಬಿ ಹಿಡಿಯದೆ ನಮ್ಮ ಮಹಡಿ ಹತ್ತಿದ. ಕೆಮ್ಮು ಕಡಿಮೆಯಾಯಿತು. ಒಂದು ಭಾನುವಾರ ಹಲಸೂರು ಕೆರೆಯವರೆಗೂ ನಡೆದುಹೋಗಿ ಬಂದೆವು. ಕಂಪನಿಗೆ ಫೋನು ಮಾಡಿ, ನನ್ನ ಟೂಲ್ ಬ್ಯಾಗ್ ಯಾರಿಗೂ ಕೊಡ್ಬೇಡ ಗುರು ಅಂತ ಹೇಳಿದ. ನಾನು ನಂಬಿಬಿಟ್ಟೆ. ನಂಬದೆ ಹೇಗಿರಲಿ?

ಆಮೇಲೆ ರಕ್ತದಲ್ಲಿ ಲಿವರಿನ ಲೆಕ್ಕ ಏರಿತು. ಮಾತ್ರೆ ಎರಡನ್ನೂ ನಿಲ್ಲಿಸಿ ಕಾದರು. ಇಳಿಯಿತು. ಕಡಿಮೆ ಮಾಡಿ ಮತ್ತೆ ಶುರು ಮಾಡಿದರು. ಮತ್ತೆ ಏರಿತು, ಈ ಸಲ ಕಣ್ಣು ಹಳದಿಯಾಯಿತು. ಮನೆಯಲ್ಲಿ ಬೇರೆ ಏನಾದರೂ ಕಷಾಯ, ಬೇರು, ನಾರು ಕೊಟ್ಟಿರಾ ಅಂತ ಡಾಕ್ಟ್ರಮ್ಮ ಅವ್ವನನ್ನು ಕೇಳಿದರು. ಕೇಳಲೇಬೇಕಾದ ಪ್ರಶ್ನೆ ಅಂತ ಈಗ ಗೊತ್ತು. ಅವ್ವ ಮಗನ ತಲೆ ಮುಟ್ಟಿ ಆಣೆ ಮಾಡಿದಳು. ಆ ದೃಶ್ಯ ನೋಡಿ ನನಗೆ ಮೈಯೆಲ್ಲ ಉರಿಯಿತು.

ಮತ್ತೆ ಅವರು ಚಪ್ಪಲಿ ಹಾಕಿಕೊಂಡರು. ಇನ್ನು ಈ ಮಾತ್ರೆ ಇಲ್ಲ ಅಂದರು. ಎರಡನೇ ಸಲ ಹೀಗಾದರೆ ಕೊಡೋ ಹಾಗಿಲ್ಲ, ಮುಂದುವರಿಸಿದರೆ ಲಿವರ್ರೇ ಅವನನ್ನು ಕೊಲ್ಲಬಹುದು. ತಮ್ಮ ವಾದ ಮಾಡಿದ. ಅವನು ಯಾರ ಹತ್ತಿರವೂ ಬೇಡಿದವನಲ್ಲ, ಅವತ್ತು ಬೇಡಿದ. ಲಿವರ್ ನಂದು, ಜೀವ ನಂದು, ಬರೆದುಕೊಡ್ತೀನಿ, ನಿಮ್ಮ ಮೇಲೆ ಏನೂ ಬರೋದಿಲ್ಲ, ಕುಗ್ಗಿತ್ತು ಅಂತ ನೀವೇ ತೋರಿಸಿದ್ರಲ್ಲ ಮೇಡಂ ಅಂದ. ಅವರು ಎಲ್ಲ ಕೇಳಿಸಿಕೊಂಡು ಇಲ್ಲಮಾ ಅಂದರು.

ನಾನು ಅವರ ಹಿಂದೆಯೇ ಕಾರಿಡಾರಿಗೆ ಹೋದೆ. ಜನ ನಿಂತು ನೋಡುವ ಹಾಗೆ ಕೂಗಾಡಿದೆ. ನೀವು ಕಾನೂನು ಹಿಡಿದುಕೊಂಡು ಕೂತಿರಿ, ಸಾಯೋನು ನನ್ನ ತಮ್ಮ ಅಂದೆ. ಇನ್ನೂ ಏನೇನೋ ಅಂದೆ, ಬರೆಯೋ ಹಾಗಿಲ್ಲ.

“ಅವನು ನಿಮ್ಮ ತಮ್ಮ ಆಗಿದ್ರೆ ಏನ್ಮಾಡ್ತಿದ್ರಿ?”

“ಕೊಟ್ಬಿಡ್ತಿದ್ದೆ,” ಅಂದರು. “ಕೊಟ್ಟು ಕೊಂದುಬಿಡ್ತಿದ್ದೆ. ಅದಕ್ಕೇ ಸ್ವಂತದವರನ್ನ ನಮ್ಮ ಕೈಗೆ ಕೊಡಲ್ಲಮಾ.”

ಅವರ ಕಣ್ಣಲ್ಲಿ ನೀರು ಇತ್ತು. ನನಗೆ ಆಗ ಅದು ಕಾಣಿಸಿದರೂ ಬೇಕಾಗಿರಲಿಲ್ಲ. ಅಂಥ ಕಣ್ಣೀರು ಇಟ್ಟುಕೊಂಡು ನಾನೇನು ಮಾಡಲಿ ಅಂತ ತಿರುಗಿ ಬಂದೆ.

ಮನೆಗೆ ಬಂದ ಮೇಲೆ ಅವನು ಬಹಳ ದಿನ ಇರಲಿಲ್ಲ. ಲಿವರ್ ಸರಿಹೋಯಿತು, ಶ್ವಾಸಕೋಶದ ಗಡ್ಡೆ ಬೆಳೆಯಿತು. ಡಾಕ್ಟ್ರಮ್ಮ ಸಂಜೆ ಹೊತ್ತು ಹಲಸೂರಿನಿಂದ ನಡೆದುಕೊಂಡು ನಮ್ಮನೆಗೆ ಬರುತ್ತಿದ್ದರು. ನಾನು ಬಾಗಿಲು ತೆಗೆದು ಒಳಗೆ ಹೋಗಿಬಿಡುತ್ತಿದ್ದೆ, ಮಾತಿಲ್ಲ ಕಥೆಯಿಲ್ಲ. ಅವರು ಅವನ ಮಂಚದ ಪಕ್ಕ ಕೂತು ನೋವಿನ ಔಷಧಿ ಎಷ್ಟು, ಯಾವಾಗ, ಮಲಬದ್ಧತೆ ಆದರೆ ಏನು ಮಾಡಬೇಕು ಅಂತೆಲ್ಲ ಅವ್ವನಿಗೆ ಹೇಳಿಕೊಡುತ್ತಿದ್ದರು. ಅದನ್ನು ಮಾತ್ರ ಔಷಧಿ ಅನ್ನುತ್ತಿದ್ದರು. ತಮ್ಮನಿಗೂ ಅವರಿಗೂ ಬೇರೆ ಮಾತು ಇರುತ್ತಿತ್ತು. ಡಾಕ್ಟ್ರಮ್ಮನಿಗೆ ಲಿಫ್ಟ್ ಅಂದರೆ ಭಯ, ಆಸ್ಪತ್ರೆಯಲ್ಲಿ ಮೆಟ್ಟಿಲಲ್ಲೇ ಓಡಾಡೋದು. ಹಗ್ಗ ತುಂಡಾದರೂ ಲಿಫ್ಟ್ ಬೀಳೋದಿಲ್ಲ ಮೇಡಂ, ಪಕ್ಕದ ಕಂಬಿಗೆ ಹಲ್ಲು ಕಚ್ಚಿಕೊಂಡು ನಿಂತುಬಿಡುತ್ತೆ ಅಂತ ಅವನು ಏದುಸಿರು ಬಿಡುತ್ತಾ ವಿವರಿಸುತ್ತಿದ್ದ. ನಾನು ಅಡುಗೆಮನೆಯಿಂದ ಕೇಳಿಸಿಕೊಳ್ಳುತ್ತಿದ್ದೆ. ಅವನನ್ನು ಆ ದಿನಗಳಲ್ಲಿ ನಗಿಸಿದವರು ಅವರೊಬ್ಬರೇ, ನನಗೆ ಅದಕ್ಕೂ ಹೊಟ್ಟೆಕಿಚ್ಚು.

ಒಂದು ಮಧ್ಯಾಹ್ನ ಅವ್ವ ಗಂಜಿ ಕುಡಿಸುತ್ತಿದ್ದಾಗಲೇ ಹೋದ. ಊರಿಗೆ ಒಯ್ದು ಅಪ್ಪನ ಪಕ್ಕ ಮಣ್ಣು ಮಾಡಿದೆವು. ಗಾಡಿ ಹೊರಡುವಾಗ ಡಾಕ್ಟ್ರಮ್ಮ ನಮ್ಮ ಗಲ್ಲಿಯ ತುದಿಯಲ್ಲಿ ನಿಂತಿದ್ದರು, ಹತ್ತಿರ ಬರಲಿಲ್ಲ. ಅವ್ವನೇ ಕೈಮಾಡಿ ಕರೆದಳು. ಬಂದು ಅವನ ಕಾಲಿನ ಹೆಬ್ಬೆರಳು ಮುಟ್ಟಿ ನಿಂತರು. ನಾನು ಮುಖ ತಿರುಗಿಸಿಕೊಂಡೆ.

ಆಮೇಲೆ ನಾನು ಅವರ ಜೊತೆ ಮಾತು ಬಿಟ್ಟೆ. ಹಲಸೂರು ಮಾರ್ಕೆಟ್ಟಿನಲ್ಲಿ ಎದುರಾದರೆ ಪಕ್ಕದ ಓಣಿಗೆ ತಿರುಗುತ್ತಿದ್ದೆ. ಅವ್ವ ಹಾಗಲ್ಲ. ಅವರ ಮನೆಗೇ ಹೋಗಿ ಕೂತಿರುತ್ತಿದ್ದಳು. ಇವಳ ಗದಗಿನ ಕನ್ನಡ ಅವರಿಗೆ ಅರ್ಧ ತಿಳಿಯೋದು, ಅವರದು ಇವಳಿಗೆ ಅರ್ಧ. ಇಬ್ಬರೂ ಅವರೆಕಾಯಿ ಸುಲಿಯುತ್ತಾ ಕೂತಿರುತ್ತಾರೆ ಅಂತ ಯಾರೋ ಹೇಳಿದರು. ನಿನಗೆ ಸ್ವಲ್ಪನಾದ್ರೂ ಮಾನ ಮರ್ಯಾದೆ ಇಲ್ವಾ ಅವ್ವಾ ಅಂತ ನಾನು ಹಾರಾಡಿದೆ. ಅವಳು ಹಿತಕಿದ ಬೇಳೆ ತೊಳೆಯುತ್ತಲೇ ಇದ್ದಳು.

ಡಾಕ್ಟ್ರಮ್ಮ ರಿಟೈರ್ ಆದ ಮೇಲೆ ಒಂದು ದಿನ ತಾವಾಗಿಯೇ ನಮ್ಮನೆಗೆ ಬಂದರು. ಬಾಗಿಲಲ್ಲಿ ಚಪ್ಪಲಿ ಬಿಡಲಿಲ್ಲ. ನಾನು ಅಲ್ಲೇ ಬಾಗಿಲಿಗೆ ಒರಗಿ ನಿಂತೆ. ಆ ಮಾತ್ರೆಗಳ ಜೋಡಿಯನ್ನು ಎಲ್ಲ ಕಡೆ ನಿಲ್ಲಿಸಿಬಿಟ್ಟರು ಅಂತ ಹೇಳಿದರು. ನನ್ನ ತಮ್ಮನ ನಂತರದವರಿಗೆ ಇವನ ಲಿವರ್ ನೋಡಿ ಪ್ರಮಾಣ ಇಳಿಸಿದ್ದರಂತೆ. ಆ ಪ್ರಮಾಣ ಮೈಗೆ ಹಿಡಿಸಿತು. ಕೆಲವರಿಗೆ ಇವನ ಹಾಗೆಯೇ ಗಡ್ಡೆ ಕುಗ್ಗಿತು. ನಿಲ್ಲಿಸದೆ ಕೊಟ್ಟರು. ಆದರೂ ಗಡ್ಡೆ ತಿರುಗಿ ಬಂತು, ಒಬ್ಬರಿಗೂ ಉಳಿಯುವಷ್ಟು ಪ್ರಯೋಜನ ಆಗಲಿಲ್ಲ. ಇದನ್ನು ಬಂದು ಹೇಳಬೇಕು ಅಂತ ಅವರಿಗೆ ಯಾರೂ ಹೇಳಿರಲಿಲ್ಲ.

ಅವ್ವ ನೆಲದ ಮೇಲೆ ಕೂತಿದ್ದಳು. ಹಂಗಾರ ನನ್ನ ಮಗಗ ಆ ಗುಳಿಗಿ ನಿಲ್ಲಿಸಲಾರದ ಕೊಟ್ಟಿದ್ರೂ ಉಳೀತಿದ್ದಿಲ್ಲ, ಹೌದಲ್ರಿ ಬಾಯಾರ ಅಂತ ಕೇಳಿದಳು. ಹೌದು ಅನ್ನೋ ಒಂದು ಮಾತು ಅವಳಿಗೆ ಬೇಕಿತ್ತು. ನನಗೂ ಬೇಕಿತ್ತು. ಹೌದು ಅಂದಿದ್ದರೆ ನಾನು ಆ ಕ್ಷಣವೇ ಅವರನ್ನು ಒಳಗೆ ಕರೆದು 'ಕೂತ್ಕೊಳ್ಳಿ' ಅನ್ನುತ್ತಿದ್ದೆ.

“ಗೊತ್ತಿಲ್ಲ ತಾಯಿ,” ಅಂದರು. “ಬೇರೆಯವರಿಗೆ ಏನಾಯ್ತು ಅನ್ನೋದು ಗೊತ್ತು. ಇವನಿಗೂ ಹಾಗೇ ಆಗ್ತಿತ್ತು ಅಂದ್ಬಿಟ್ರೆ ನಿಮಗೂ ನಿದ್ದೆ ಬರುತ್ತೆ, ನನಗೂ ಬರುತ್ತೆ. ಆದ್ರೆ ಅದು ನನಗೆ ಗೊತ್ತಿಲ್ಲ.”

ನಾನು ಬಾಗಿಲಲ್ಲೇ ಕಿರುಚಿದೆ. ಒಂದೇ ಒಂದು ಸಲ ಸುಳ್ಳು ಹೇಳೋಕಾಗಲ್ವಾ ನಿಮಗೆ, ಏನು ಗಂಟು ಹೋಗುತ್ತೆ ನಿಮ್ಮದು ಅಂದೆ. ಒಂದು ಸಲ ಗೊತ್ತಿಲ್ಲದೆ ನಿಮ್ಮಮ್ಮನಿಗೆ ಹೇಳಿದ್ದೆ, ಅವರು ಮಾದಲಿ ಮಾಡ್ಕೊಂಡು ಬಂದ್ರು ಅಂದರು. ಅಷ್ಟು ಹೇಳಿ ಮೆಟ್ಟಿಲಿಳಿದು ಹೋದರು. ಅವ್ವ ಆ ರಾತ್ರಿ ಉಣ್ಣಲಿಲ್ಲ.

ಆಶ್ಚರ್ಯ ಅಂದರೆ ನಾನು ಮತ್ತೆ ಮಾತು ಶುರು ಮಾಡಿದ್ದು ಅದರ ನಂತರವೇ. ಮಾತಲ್ಲ, ಜಗಳ. ಮಾರ್ಕೆಟ್ಟಿನಲ್ಲಿ ಸಿಕ್ಕರೆ ಈಗ ಓಣಿಗೆ ತಿರುಗುತ್ತಿರಲಿಲ್ಲ, ಅಡ್ಡ ನಿಂತು ಕೇಳುತ್ತಿದ್ದೆ. ಕಡಿಮೆ ಪ್ರಮಾಣ ಮೊದಲೇ ಕೊಟ್ಟಿದ್ದರೆ? ಗೊತ್ತಿಲ್ಲ. ಇನ್ನೂ ಸ್ವಲ್ಪ ದಿನ ಕಾದು ನೋಡಿದ್ದರೆ? ಗೊತ್ತಿಲ್ಲಮಾ. ಸೊಪ್ಪಿನವಳು ನಮ್ಮಿಬ್ಬರ ಮುಖ ನೋಡುತ್ತಾ ಕೂತಿರುತ್ತಿದ್ದಳು. ಒಂದು ದಿನವೂ ಅವರು ಬೇಸರ ಮಾಡಿಕೊಳ್ಳಲಿಲ್ಲ, ಸಾಕು ನಿಲ್ಲಿಸು ಅನ್ನಲಿಲ್ಲ. ಪ್ರತಿ ಸಲವೂ ಮೊದಲ ಸಲ ಕೇಳಿದ ಹಾಗೆ ಕೇಳಿಸಿಕೊಂಡು, ಯೋಚನೆ ಮಾಡಿ, ಆಮೇಲೆ ಗೊತ್ತಿಲ್ಲ ಅನ್ನುತ್ತಿದ್ದರು. ಬೇರೆ ಎಲ್ಲರೂ ಅವನ ಹೆಸರೆತ್ತಿದರೆ ಮಾತು ಬದಲಿಸುತ್ತಿದ್ದರು. ಆಫೀಸಿನವರು ದೇವರ ಇಚ್ಛೆ ಅಂದರು, ಊರಿನವರು ಹಣೆಬರಹ ಅಂದರು, ನೆಂಟರು ಇಷ್ಟೇ ಋಣ ಅಂದರು. ಎಲ್ಲರಿಗೂ ಎಲ್ಲವೂ ಗೊತ್ತಿತ್ತು. ಹಲಸೂರಿನ ಸೊಪ್ಪಿನ ಅಂಗಡಿ ಮುಂದೆ ಮಾತ್ರ ನನ್ನ ತಮ್ಮ ಬದುಕಬಹುದಿತ್ತೋ ಏನೋ ಅನ್ನೋ ವಿಷಯ ಇನ್ನೂ ಬಾಕಿ ಇತ್ತು.

ಈಗ ಯಾರನ್ನು ಕೇಳಲಿ?

ಹಲಸೂರಿನ ಅವರ ಮನೆ ಮುಂದೆ ಜನ ತುಂಬಿದ್ದರು. ನಾನು ನೋಡಿದ್ದ ವಾರ್ಡಿನ ನರ್ಸುಗಳು, ಆಟೋದವರು, ಗುರುತಿಲ್ಲದ ಎಷ್ಟೋ ಮನೆಯವರು. ಎಲ್ಲರೂ ಒಂದೊಂದು ಸಾವನ್ನು ಹೊತ್ತುಕೊಂಡು ಬಂದವರು ಅಂತ ಮುಖ ನೋಡಿದರೇ ತಿಳಿಯುತ್ತಿತ್ತು, ಯಾರೂ ಯಾರನ್ನೂ ಕೇಳಲಿಲ್ಲ. ಅವ್ವ ಒಂದು ಮೂಲೆಯಲ್ಲಿ ಕೂತು ಅಳದೆ ನೋಡುತ್ತಿದ್ದಳು. ಕಲ್ಲಪಳ್ಳಿ ಸ್ಮಶಾನಕ್ಕೆ ಒಯ್ಯುವಾಗ ಗಲ್ಲಿಯ ಕೊನೆವರೆಗೂ ಹಿಂದೆ ನಡೆದಳು. ಅವಳಿಗೆ ಈಗ ಮಂಡಿ ನೋವು, ನಾನು ರಟ್ಟೆ ಹಿಡಿದುಕೊಂಡಿದ್ದೆ.

ಮನೆಗೆ ಬಂದು ಇಬ್ಬರೂ ತಲೆಗೆ ಸ್ನಾನ ಮಾಡಿದೆವು. ಹೊತ್ತು ಏರಿತ್ತು, ಬೆಳಿಗ್ಗೆಯಿಂದ ಅವ್ವನ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಸಕ್ಕರೆ ಕಾಯಿಲೆ ಬೇರೆ. ಅಕ್ಕಿ ತೊಳೆದು ಕುಕ್ಕರಿಗೆ ಹಾಕಿ ನಾನು ಲೈಟರ್ ಎತ್ತಿಕೊಂಡೆ. ಅವ್ವ ಒದ್ದೆ ಕೂದಲಲ್ಲೇ ಬಂದು ನನ್ನ ಕೈ ಹಿಡಿದಳು. ಒಲಿ ಹಚ್ಚಬ್ಯಾಡ ಅಂದಳು.

ನಮ್ಮ ಕಡೆ ಸ್ವಂತ ಮನೆಯಲ್ಲಿ ಸಾವಾದರೆ ಮಾತ್ರ ಆ ದಿನ ಒಲೆ ಹಚ್ಚೋದಿಲ್ಲ. ಅವರು ನಮ್ಮವರಲ್ಲ ಅವ್ವಾ, ಸಂಬಂಧ ಏನೂ ಇಲ್ಲ, ಹಚ್ಚಬಹುದು, ನೀನು ಗುಳಿಗೆ ತಗೋಬೇಕು ಅಂತ ನಾನು ಮೆಲ್ಲಗೆ ಹೇಳಿದೆ.

“ನನ್ನ ಮಗನ ವಿಷಯದಾಗ ಎಲ್ಲಾರೂ ನನಗ ಸಮಾಧಾನ ಹೇಳಿದ್ರು,” ಅಂದಳು. “ನೀನೂ ಹೇಳಿದಿ. ಆಕಿ ಒಬ್ಬಾಕಿ ಹೇಳಲಿಲ್ಲ. ಅಷ್ಟು ನಮ್ಮಾಕಿ ಇನ್ಯಾರು ಅದಾರ ನನಗ?”

ನಾನು ಲೈಟರ್ ಕೆಳಗಿಟ್ಟೆ. ಅವಳ ಹೆಗಲಿಗೆ ಮುಖ ಒತ್ತಿ, ತಮ್ಮ ಹೋದ ದಿನ ಅಳದೇ ಉಳಿದದ್ದನ್ನೂ ಸೇರಿಸಿ ಅತ್ತೆ. ಸಂಜೆ ಕೆಳಗಿನ ಮನೆಯವರು ಯಾಕೆ ಇವತ್ತು ಸದ್ದೇ ಇಲ್ಲ ಅಂತ ಮೇಲೆ ಬಂದು ವಿಚಾರಿಸಿದರು. ಮನೆಯಲ್ಲಿ ಸಾವಾಗಿದೆ ಅಂತ ಅವ್ವ ಹೇಳಿದಳು. ಅವರು ಇಡ್ಲಿ ಮಾಡಿ ತಂದುಕೊಟ್ಟರು.